ಸೂಗಪ್ಪನ ಹೆಸರಿನ ಮೇಲೆ ನಿಂತ ಗೂಳಿ

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ಅಮರಗುಂಡಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೆಳಗಿನಿಂದ ಯೂರಿಯಾದ ವಾಸನೆ, ಮೇಲೆ ದಿನವಿಡೀ ಟಕಟಕ ಸದ್ದು. ಎರಡನ್ನೂ ತಡೆದುಕೊಂಡವರು ಮಾತ್ರ ಅಲ್ಲಿ ಜೂನಿಯರ್ ಪರೀಕ್ಷೆ ಪಾಸಾಗುತ್ತಿದ್ದರು. ಅಮರಗುಂಡಪ್ಪ ಮೂಲತಃ ಮಸ್ಕಿಯವನು. ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸಿದವನಲ್ಲ, ಮಠದ ದಾಸೋಹದಲ್ಲಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಡಿಸುವುದರಲ್ಲಿ ಯಾವಾಗಲೂ ಮುಂದು. ಆದರೆ ಅವನಿಗೊಂದು ರೋಗವಿತ್ತು. ಒಂದು ವಿಷಯ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅವನಿಂದ ಸಾಧ್ಯವಿರಲಿಲ್ಲ. ಹೆಸರೇ ಕೇಳದ ಹಳ್ಳಿಗೂ ದಾರಿ ಹೇಳಿಬಿಡುತ್ತಿದ್ದ. ಅವನ ಮಾತು ನಂಬಿ ಬಸ್ಸು ಹತ್ತಿದ ಮಂದಿ ಜವಳಗೇರಾದಲ್ಲಿ ಇಳಿದು, ಬಿಸಿಲಲ್ಲಿ ನಿಂತು, ಅವನ ವಂಶವನ್ನೆಲ್ಲ ಸ್ಮರಿಸಿದ್ದುಂಟು.

ಪಾಠ ಹೇಳುವುದರಲ್ಲಿ ಮಾತ್ರ ಅವನಿಗೆ ಸಾಟಿಯಿರಲಿಲ್ಲ. ಟೈಪು ಮಾಡುವವನ ಕಣ್ಣು ಪ್ರತಿಯ ಮೇಲಿರಬೇಕು, ಬೆರಳು ಕೀಲಿಯ ಮೇಲಿರಬೇಕು, ಹೊಡೆದದ್ದನ್ನು ನೋಡಲು ಮಧ್ಯದಲ್ಲಿ ಕತ್ತು ಎತ್ತಬಾರದು: ಇದು ಅವನ ಕಾನೂನು. ಕತ್ತು ಎತ್ತಿದವರ ಬೆರಳ ಗಂಟಿನ ಮೇಲೆ ಪಟ್ಟಿಯ ಏಟು ಬೀಳುತ್ತಿತ್ತು. ಹೀಗೆ ಏಟು ತಿಂದವರು ಇವತ್ತು ಎಷ್ಟೋ ಕಚೇರಿಗಳಲ್ಲಿ ಗೋಡೆ ನೋಡುತ್ತ ಟೈಪು ಮಾಡುತ್ತಿದ್ದಾರೆ.

ಎಂಬತ್ತರ ದಶಕದಲ್ಲಿ ಅವನ ಹೆಸರು ಮೆರೆದದ್ದು ಚಿತ್ರಗಳಿಂದ. ಟೈಪ್‌ರೈಟರಿನ ಎಕ್ಸ್, ಓ, ಚುಕ್ಕೆ, ಅಡ್ಡಗೆರೆಗಳನ್ನೇ ಬಡಿದು ಬಡಿದು ಕಾಗದದ ಮೇಲೆ ಬಸವಣ್ಣನನ್ನು ಕೂರಿಸುತ್ತಿದ್ದ. ದೂರದಿಂದ ನೋಡಿದರೆ ಕೋಡು, ಬೆನ್ನ ಮೇಲಿನ ಇಣಿ, ಗಂಟೆ ಎಲ್ಲ ಇರುತ್ತಿದ್ದವು. ಹತ್ತಿರದಿಂದ ನೋಡಿದರೆ ಪರೀಕ್ಷೆಯಲ್ಲಿ ಫೇಲಾದ ಹುಡುಗನ ಉತ್ತರಪತ್ರಿಕೆ. ಕಚೇರಿಯ ಗುಮಾಸ್ತರು ಅದನ್ನು ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದರು. ಇಂಥ ಮನುಷ್ಯನ ಕೈಗೆ ತೊಂಬತ್ತೇಳರಲ್ಲಿ ಕಂಪ್ಯೂಟರ್ ಬಂತು.

ಪೂಜೆಯ ದಿನ ಬಂಧುಬಳಗವೆಲ್ಲ ಸೇರಿತ್ತು. ಅಮರಗುಂಡಪ್ಪನ ಹೆಂಡತಿ ಜಂಬಮ್ಮನ ಅಣ್ಣ ಸೂಗಪ್ಪ ಲಿಂಗಸುಗೂರಿನಿಂದ ರೇಷ್ಮೆ ರುಮಾಲು ಸುತ್ತಿಕೊಂಡು ಬಂದಿದ್ದ. ಊದುಬತ್ತಿಯ ಹೊಗೆಯಲ್ಲಿ ಮಿಣುಗುತ್ತಿದ್ದ ಪೆಟ್ಟಿಗೆಯನ್ನು ಸುತ್ತಮುತ್ತ ನೋಡಿ, ಎಲ್ಲರಿಗೂ ಕೇಳುವಂತೆ, "ಏನ್ರೀ ಅಮರಗುಂಡಪ್ಪ, ಸಿನಿಮಾ ಬರಲಾರದ ಟಿವಿ ತಂದೀರಲ್ಲ!" ಅಂದ. ನೆರೆದವರು ಗೊಳ್ಳೆಂದು ನಕ್ಕರು. ಅಮರಗುಂಡಪ್ಪನೂ ಹಲ್ಲು ಬಿಟ್ಟ, ಆದರೆ ಆ ವರ್ಷದ ಯುಗಾದಿಗೆ ಲಿಂಗಸುಗೂರಿನ ದಾರಿ ಹಿಡಿಯಲಿಲ್ಲ.

ಆ ಪೆಟ್ಟಿಗೆಯಲ್ಲಿ ಅವನಿಗೆ ಹುಚ್ಚು ಹಿಡಿಸಿದ್ದು ಕ್ಲಿಪ್ ಆರ್ಟ್. ಅಂದರೆ ಪತ್ರ ಬರೆಯುವ ಸಾಫ್ಟ್‌ವೇರಿನ ಒಳಗೇ ಯಾರೋ ಬರೆದು ತುಂಬಿಟ್ಟ ಸಣ್ಣ ಸಣ್ಣ ಚಿತ್ರಗಳ ಕಣಜ. ಬೇಕಾದ್ದನ್ನು ಆರಿಸಿ ಒತ್ತಿದರೆ ಬಂದು ಕಾಗದದ ಮೇಲೆ ಕೂರುತ್ತದೆ. ಎಕ್ಸು ಓಗಳನ್ನು ಬಡಿದು ಬೆರಳು ಸವೆಸಿದವನಿಗೆ ಇದು ಕಲ್ಪವೃಕ್ಷವೇ ಸರಿ. ತೊಂದರೆ ಏನೆಂದರೆ, ಆ ಚಿತ್ರ ಬರೆದ ಮಹಾಶಯ ಸಿಂಧನೂರು ಕಂಡವನಲ್ಲ. ಕಣಜದಲ್ಲಿ ಬಗೆಬಗೆಯ ಕೇಕುಗಳಿದ್ದವು, ಹಿಮದ ಮೇಲೆ ಜಾರುವ ಗಾಡಿಯಿತ್ತು, ಕೊಡೆ ಹಿಡಿದ ಕಪ್ಪೆಯಿತ್ತು. ಭತ್ತದ ತೆನೆ ಇರಲಿಲ್ಲ, ಎತ್ತಿನ ಬಂಡಿ ಇರಲಿಲ್ಲ, ಬಾಸಿಂಗ ಕಟ್ಟಿಕೊಂಡ ಮದುಮಕ್ಕಳು ಇರಲಿಲ್ಲ.

ಅಮರಗುಂಡಪ್ಪ ಹೆದರುವ ಪೈಕಿ ಅಲ್ಲ. ಆಂಧ್ರದಿಂದ ವಲಸೆ ಬಂದು ಕಾಲುವೆ ಬದಿಯ ಕ್ಯಾಂಪಿನಲ್ಲಿ ನೆಲೆಸಿದ ರೈಸ್‌ಮಿಲ್ಲಿನವರ ಜಾಹೀರಾತಿಗೆ ಭತ್ತದ ಬದಲು ಗೋಧಿಯ ತೆನೆ ಇಟ್ಟ. ಸಾಹುಕಾರ ಕನ್ನಡಕ ಸರಿಪಡಿಸಿಕೊಂಡು, "ಇದಿ ಗೋಧುಮ ಕದಯ್ಯಾ" ಅಂದಾಗ, "ಹೊಸಾ ತಳಿರೀ ಇದು, ಇನ್ನಾ ನಿಮ್ಮ ಕಡಿ ಬಂದಿಲ್ಲ" ಎಂದುಬಿಟ್ಟ. ಮುದಗಲ್ಲಿನ ಹಾಲಿನ ವ್ಯಾಪಾರಿಗೆ ಎಮ್ಮೆಯ ಚಿತ್ರ ಹಾಕುವಾಗ ಮೂಲೆ ಹಿಡಿದು ಎಳೆಯುವ ಬದಲು ಮಗ್ಗುಲು ಹಿಡಿದು ಎಳೆದದ್ದರಿಂದ ಎಮ್ಮೆ ಹಾಸಿಗೆಯಷ್ಟು ಅಗಲವಾಯಿತು. ವ್ಯಾಪಾರಿ ಮಾತ್ರ, "ಎಮ್ಮಿ ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಹಿಗ್ಗಿ ಹೀರೇಕಾಯಿಯಾದ.

ತುರ್ವಿಹಾಳದ ಕುಸ್ತಿಯ ವಿಷಯದಲ್ಲಿ ಮಾತ್ರ ಮರ್ಯಾದೆ ಸ್ವಲ್ಪ ಹೋಯಿತು. ಕುಸ್ತಿಯ ಕರಪತ್ರಕ್ಕೆ ಪೈಲ್ವಾನನ ಚಿತ್ರ ಇಟ್ಟು, ಫ್ಲಾಪಿಗೆ ತುಂಬಿ, ದೊಡ್ಡದಾಗಿ ಹೊಡೆಸಲು ರಾಯಚೂರಿಗೆ ಕಳಿಸಿದ್ದ. ಫ್ಲಾಪಿಯಲ್ಲಿ ಅಕ್ಷರ ಹೋಗಿದ್ದವು, ಪೈಲ್ವಾನ ಅಮರಗುಂಡಪ್ಪನ ಕಂಪ್ಯೂಟರಿನಲ್ಲೇ ಉಳಿದಿದ್ದ. ಅವನ ಜಾಗದಲ್ಲಿ ಒಂದು ಖಾಲಿ ಚೌಕ, ಅದರೊಳಗೆ ಇಂಟು ಗುರುತಿನ ಕೆಂಪು ಕಾಟು. ಗೋಡೆಯ ಮೇಲೆ ಆ ಕಾಟು ನೋಡಿದ ಜನ ಕುಸ್ತಿ ರದ್ದಾಗಿದೆ ಎಂದು ತಿಳಿದು ಮನೆಯಲ್ಲಿ ಉಳಿದರು. ಅಖಾಡದಲ್ಲಿ ಪೈಲ್ವಾನರು ತೊಡೆ ತಟ್ಟಿ ತಟ್ಟಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರಂತೆ. ಜಗಳಕ್ಕೆ ಬಂದವರಿಗೆ ಅಮರಗುಂಡಪ್ಪ ಹೇಳಿದ ಉತ್ತರ ಇದು: "ನಾ ಇಲ್ಲಿಂದ ಪೈಲ್ವಾನನ್ನ ಹತ್ತಿಸಿ ಕಳಿಸೀನ್ರೀ. ಅವ ದಾರ್ಯಾಗ ಇಳಕೊಂಡ್ರ ನಾ ಏನು ಮಾಡ್ಲಿ?"

ತೊಂಬತ್ತೆಂಟರಲ್ಲಿ ಮಗಳು ಶೇಖರಮ್ಮನ ಮದುವೆ ಮುದಗಲ್ಲಿನ ಹುಡುಗನೊಂದಿಗೆ ಗೊತ್ತಾಯಿತು. ಈ ಮನೆತನದಲ್ಲಿ ಒಂದು ಪದ್ಧತಿ ಉಂಟು. ಮದುವೆಯ ಹಂದರದ ಹಾಲಗಂಬವನ್ನು ಹುಡುಗಿಯ ಸೋದರಮಾವನೇ ಹೆಗಲ ಮೇಲೆ ಹೊತ್ತು ತರಬೇಕು. ಅತ್ತಿಯ ಹಸಿ ಕೊಂಬೆ, ಕಡಿದರೆ ಹಾಲು ಸುರಿಯುವಂಥದ್ದು. ಅವನು ತಂದು ನೆಡದೆ ಹಂದರ ಏಳದು, ಹಂದರ ಏಳದೆ ಅರಿಶಿನ ಹಚ್ಚುವಂತಿಲ್ಲ. ಶೇಖರಮ್ಮನಿಗೆ ಇದ್ದವನು ಒಬ್ಬನೇ ಸೋದರಮಾವ, ಸೂಗಪ್ಪ. ತಂದೆ ಬೇಗ ತೀರಿಕೊಂಡಿದ್ದರಿಂದ ಜಂಬಮ್ಮನನ್ನು ಸಾಕಿ ಮದುವೆ ಮಾಡಿಕೊಟ್ಟವನೂ ಅವನೇ, ಬಾಣಂತನ ಮಾಡಿಸಿದವನೂ ಅವನೇ.

ಲಗ್ನಪತ್ರಿಕೆಯನ್ನು ಪ್ರೆಸ್ಸಿನ ಬುಡ್ಡೇಸಾಬ್ ಹೊಡೆದುಕೊಡುವುದೆಂದು ತೀರ್ಮಾನವಾಯಿತು. ಹಳೆಯ ಸ್ನೇಹಿತ. ಅವನ ಬಳಿ ಕಲಶ, ಬಸವಣ್ಣ, ಜೋಡಿಸಿದ ಹಸ್ತ ಎಲ್ಲದರ ಅಚ್ಚುಗಳೂ ಇದ್ದವು.

"ನನ್ನ ಹತ್ರ ಬಸವಣ್ಣನ ಬ್ಲಾಕ್ ಐತಿ. ಮೂವತ್ತು ವರ್ಷದಿಂದ ಕುಂತಲ್ಲೇ ಕುಂತಾನ, ಯಾರಿಗೂ ತಕರಾರಿಲ್ಲ" ಅಂದ ಬುಡ್ಡೇಸಾಬ್.

"ನನ್ನ ಮಗಳ ಪತ್ರಿಕಿಗೆ ಸವೆದ ಬ್ಲಾಕ್ ಯಾಕ? ಎಲ್ಲಾ ನಾ ಕಂಪ್ಯೂಟರಿನ್ಯಾಗ ಮಾಡಿ ಕಾಗದ ತಂದು ಕೊಡ್ತೀನಿ. ನೀ ಅದರ ಮ್ಯಾಲಿಂದ ಸ್ಕ್ರೀನ್ ಮಾಡಿ ಹೊಡಿ, ಸಾಕು" ಅಂದ ಅಮರಗುಂಡಪ್ಪ.

ಶೇಖರಮ್ಮ ತಾನು ಸಹಾಯ ಮಾಡುವೆನೆಂದಳು. "ಮದುಮಗಳು ತನ್ನ ಪತ್ರಿಕಿ ತಾನಽ ಬರಕೊಂತಾಳೇನು? ಹೋಗು" ಎಂದು ಅವಳನ್ನು ಎಬ್ಬಿಸಿ ತಾನು ಕೂತ. ಮೇಲೆ ಕಲಶ, ನಡುವೆ ಮುಹೂರ್ತ, ಅದರ ಕೆಳಗೆ ನಮ್ಮ ಕಡೆ ಇರುವಂತೆ ಬಂಧುಗಳ ಹೆಸರುಗಳ ದಂಡು. ಎಲ್ಲಕ್ಕಿಂತ ಕೊನೆಗೆ, ಗೌರವದಿಂದ, ದಪ್ಪ ಅಕ್ಷರದಲ್ಲಿ ಸೂಗಪ್ಪನ ಹೆಸರು. ಅದರ ಕೆಳಗೆ ಒಂದಿಷ್ಟು ಬೋಳು ಜಾಗ ಉಳಿಯಿತು. ಖಾಲಿ ಜಾಗ ಕಂಡರೆ ಅಮರಗುಂಡಪ್ಪನ ಕೈ ತುರಿಸುತ್ತದೆ. ಅಲ್ಲಿ ಬಸವಣ್ಣನನ್ನು ಕೂರಿಸಬೇಕೆಂದು ಕಣಜ ಹುಡುಕಿದ.

ಸಿಕ್ಕಿದ್ದು ಅಮೆರಿಕದ ಗೂಳಿ. ತಲೆ ಬಗ್ಗಿಸಿ, ಮುಂಗಾಲಿನಿಂದ ನೆಲ ಕೆದರುತ್ತ, ಮೂಗಿನಿಂದ ಹೊಗೆ ಬಿಡುತ್ತ ನಿಂತಿತ್ತು.

"ಇದು ಬಸವಣ್ಣೇನ್ರೀ? ಬೀಗರನ್ನ ಹಾಯಾಕ ಹೊಂಟಂಗ ಐತಿ" ಅಂದಳು ಜಂಬಮ್ಮ.

"ತಡಿ, ಇದಕ್ಕ ದೀಕ್ಷೆ ಕೊಡ್ತೀನಿ."

ಚಿತ್ರವನ್ನು ಬಿಡಿಬಿಡಿಯಾಗಿ ಬಿಚ್ಚುವ ಉಪಾಯವೊಂದು ಅವನಿಗೆ ತಿಳಿದಿತ್ತು. ಬಿಚ್ಚಿದ. ಹೊಗೆಯನ್ನು ಅಳಿಸಿದ. ಕ್ರಿಸ್ಮಸ್ಸಿನಲ್ಲಿ ಬಾಗಿಲಿಗೆ ಹಾಕುವ ಎಲೆಯ ಬಳೆಯೊಂದನ್ನು ತಂದು ಕೊರಳಿಗೆ ಹಾರವಾಗಿ ಹಾಕಿದ, ಅದೇ ಹಬ್ಬದ ಗಂಟೆಯನ್ನೂ ಕಟ್ಟಿದ. ಮತ್ತೆ ಎಲ್ಲ ಸೇರಿಸಿ ಒಂದು ಮಾಡುವಾಗ ಒಂದು ಚೂರು ಹಿಂದೆ ಉಳಿದದ್ದು ಅವನ ಗಮನಕ್ಕೆ ಬರಲಿಲ್ಲ.

"ಮುಹೂರ್ತದ ಬಾಜೂಕ ಇದೇನ್ರೀ ಕಣ್ಣು?" ಜಂಬಮ್ಮ ಕೇಳಿದಳು.

ನಿಜ, ಗೂಳಿಯ ಕಣ್ಣು ಒಂಟಿಯಾಗಿ ಶುಭಮುಹೂರ್ತವನ್ನು ದಿಟ್ಟಿಸುತ್ತಿತ್ತು. "ದೃಷ್ಟಿ ಆಗಬಾರ್ದಂತ ಇಟ್ಟೀನಿ" ಎಂದ ಅಮರಗುಂಡಪ್ಪ, ಅವಳು ಆಚೆ ಹೋದ ಮೇಲೆ ಕಣ್ಣನ್ನು ಎಳೆದು ತಂದು ಗೂಳಿಯ ಮುಖಕ್ಕೆ ಸೇರಿಸಿದ.

ಇನ್ನೊಂದು ಪೇಚು ಕಾದಿತ್ತು. ಯಾರೋ ಚಿಕ್ಕಪ್ಪನ ಹೆಸರು ಬಿಟ್ಟುಹೋಗಿದೆಯೆಂದು ಸೇರಿಸಿದರೆ ಗೂಳಿ ಕೆಳಗೆ ಜಾರುತ್ತಿತ್ತು. ಇನ್ನೊಬ್ಬ ಅಳಿಯನನ್ನು ಸೇರಿಸಿದರೆ ಇನ್ನಷ್ಟು. ಒಮ್ಮೆ ಒಂದೇ ಒಂದು ಅತ್ತೆಯ ಹೆಸರಿಗೆ ಎರಡನೇ ಪುಟಕ್ಕೆ ಹೋಗಿ, ಅಷ್ಟು ದೊಡ್ಡ ಬಿಳಿಯ ಬಯಲಿನಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಅಮರಗುಂಡಪ್ಪ ಅದನ್ನು ಮತ್ತೆ ಮೊದಲ ಪುಟಕ್ಕೆ ಎಳೆದು ತಂದು, ಕಂಡ ಕಂಡ ಕಿಂಡಿ ತೆರೆದು, ಕಂಡ ಕಂಡ ಗುಂಡಿ ಒತ್ತಿ, ಎಲ್ಲೋ ಒಂದು ಸಾಲಿನ ಮುಂದಿದ್ದ ಟಿಕ್ ಗುರುತು ತೆಗೆದ. ಗೂಳಿ ನಿಂತಿತು. ಮೇಲೆ ಎಷ್ಟು ಗದ್ದಲವಾದರೂ ಅಲುಗಲಿಲ್ಲ. "ಗೂಟಕ್ಕ ಕಟ್ಟೀನಿ ನೋಡು!" ಎಂದು ಹೆಂಡತಿಯನ್ನು ಕೂಗಿ ಕರೆದು ತೋರಿಸಿದ. ಯಾವ ಕಿಂಡಿ, ಯಾವ ಸಾಲು ಎಂದು ಆಗಲೇ ಮರೆತಿದ್ದ.

ಕಾಗದ ಬುಡ್ಡೇಸಾಬನಿಗೆ ಕೊಡಬೇಕಾದ ದಿನ ಮಧ್ಯಾಹ್ನ ಮುದಗಲ್ಲಿನಿಂದ ಬೀಗರ ಫೋನು. ದಿವ್ಯ ಸಾನ್ನಿಧ್ಯಕ್ಕೆ ತಮ್ಮ ಮಠದ ಸ್ವಾಮಿಗಳ ಹೆಸರು ಹಾಕಲೇಬೇಕು, ಬಿರುದುಗಳ ಸಮೇತ. ಬಿರುದುಗಳೇ ಮೂರು ಸಾಲು. ಕರೆಂಟು ಹೋಗುವ ಹೊತ್ತು ಬೇರೆ, ಯುಪಿಎಸ್ ಕಿವಿ ಹರಿಯುವಂತೆ ಕಿರುಚತೊಡಗಿತು. ಅಮರಗುಂಡಪ್ಪ ತನ್ನ ಕಾನೂನಿನಂತೆ ಕಣ್ಣನ್ನು ಬರೆದುಕೊಂಡ ಚೀಟಿಯ ಮೇಲಿಟ್ಟು, ತಲೆ ಎತ್ತದೆ ಟೈಪು ಮಾಡಿ, ಪ್ರಿಂಟ್ ಒತ್ತಿ, ಹೊರಬಂದ ಕಾಗದದಲ್ಲಿ ಸ್ವಾಮಿಗಳ ಹೆಸರೊಂದನ್ನೇ ಅಕ್ಷರ ಅಕ್ಷರವಾಗಿ ಪರೀಕ್ಷಿಸಿ, ಮಡಚಿ ಬುಡ್ಡೇಸಾಬನ ಕೈಗಿಟ್ಟ.

ಬುಡ್ಡೇಸಾಬ್ ನೋಡಿದ. ನೋಡಿಯೂ ಕೇಳಲಿಲ್ಲ. ಹಿಂದೊಮ್ಮೆ ಕರಪತ್ರವೊಂದರಲ್ಲಿ ಕೇಕು ಯಾಕಿದೆ ಎಂದು ಕೇಳಿ, ಅರ್ಧ ದಿನ ಕಂಪ್ಯೂಟರ್ ಪುರಾಣ ಕೇಳಿಸಿಕೊಂಡು ಅಚ್ಚು ಹೊಡೆಯುವ ಟ್ರೆಡಲ್ ಮಷೀನು ನಿಲ್ಲಿಸಿಕೊಂಡು ಕೂತಿದ್ದ. ಈ ಸಲ ಬಾಯಿ ಮುಚ್ಚಿಕೊಂಡು ಇದ್ದಂತೆಯೇ ಹೊಡೆದುಕೊಟ್ಟ. ಮನೆಯಲ್ಲಿ ಹೆಂಗಸರು ಮೂಲೆಗಳಿಗೆ ಅರಿಶಿನ ಹಚ್ಚಿ ಕವರಿಗೆ ತುಂಬಿದರು. ತಳದ ಸಾಲು ಓದುವ ಪುರುಸೊತ್ತು ಯಾರಿಗಿತ್ತು?

ಮೊದಲ ಪತ್ರಿಕೆ ಸೋದರಮಾವನಿಗೆ. ಗಂಡಹೆಂಡತಿ ಲಿಂಗಸುಗೂರಿಗೆ ಹೋಗಿ, ಕುಂಕುಮ ಇಟ್ಟು ಪತ್ರಿಕೆ ಕೊಟ್ಟು, ಹೋಳಿಗೆ ಉಂಡು, ನಗುನಗುತ್ತ ಬಂದರು. ಸಂಜೆ ಸೂಗಪ್ಪ ಕನ್ನಡಕ ಏರಿಸಿ ತನ್ನ ಹೆಸರು ಹುಡುಕಿದ. ಸ್ವಾಮಿಗಳಿದ್ದರು, ಬೀಗರಿದ್ದರು, ಎಂದೂ ಮುಖ ತೋರಿಸದ ದಾಯಾದಿಗಳಿದ್ದರು. ತನ್ನ ಹೆಸರಿಲ್ಲ. ಕೊನೆಗೆ ಓಣಿಯವರು ಸೇರಿ ಪತ್ತೆ ಹಚ್ಚಿದರು. ಹೆಸರು ಗೂಳಿಯ ಹೊಟ್ಟೆಯ ಕೆಳಗೆ ಹೂತುಹೋಗಿತ್ತು. ಬಾಲದ ಬುಡದಲ್ಲಿ "ಲಿಂಗಸುಗೂರು" ಎಂಬುದೊಂದು ಇಣುಕುತ್ತಿತ್ತು. ಮರುದಿನವೇ ಬಸ್ಸಿನ ಕಂಡಕ್ಟರನ ಬಾಯಲ್ಲಿ ಸಿಂಧನೂರಿಗೆ ಮಾತು ಬಂತು: "ಹಾಲಗಂಬಾನೂ ಆ ಗೂಳಿ ಕೈಲೇ ತರಿಸ್ಕೋರಿ ಅಂತ ಹೇಳ್ಯಾರ."

ಜಂಬಮ್ಮ ಪತ್ರಿಕೆ ಬಿಡಿಸಿ ನೋಡಿದಳು. ಆಮೇಲೆ ಗಂಡನೊಡನೆ ನೇರ ಮಾತು ನಿಲ್ಲಿಸಿದಳು. "ನಿಮ್ಮಪ್ಪಗ ಹೇಳು, ಅಣ್ಣ ಬರಲಿಲ್ಲಂದ್ರ ಈ ಮನ್ಯಾಗ ಹಂದರ ಏಳಂಗಿಲ್ಲ" ಎಂದು ಎದುರಿಗೇ ಕೂತ ಗಂಡನಿಗೆ ಮಗಳ ಮೂಲಕ ತಿಳಿಸಿದಳು. ಹೊಸ ಪತ್ರಿಕೆ ಹೊಡೆಸಿದರೆ ಮುಗಿಯಿತಲ್ಲ ಎಂದು ಅಮರಗುಂಡಪ್ಪ ಅಂದದ್ದಕ್ಕೆ ಶೇಖರಮ್ಮ ಮೆಲ್ಲಗೆ ಹೇಳಿದಳು: "ಅಪ್ಪಾ, ಮಾವಗ ಪತ್ರಿಕಿ ಬ್ಯಾಡ. ನೀ ಬೇಕಂತ ಮಾಡಿಲ್ಲಂತ ಗೊತ್ತಾಗಬೇಕು." ಅವಳ ಕಣ್ಣು ತುಂಬಿದ್ದು ನೋಡಿ ಅಮರಗುಂಡಪ್ಪ ಎದ್ದ. ಅಂಗಿ ಹಾಕಿಕೊಂಡು ಹೊರಟ.

ಬಸ್ಸು ಮಸ್ಕಿಯಲ್ಲಿ ನಿಂತಾಗ ಚಹಾದಂಗಡಿಯವರು, "ಏನ್ರೀ, ಗೂಳಿ ಹುಡುಕಾಕ ಹೊಂಟೀರೇನು?" ಎಂದು ಕೇಳಿದರು. ಹುಟ್ಟಿದೂರಿನಲ್ಲೂ ಸುದ್ದಿ ಹಬ್ಬಿತ್ತು.

ಲಿಂಗಸುಗೂರಿನಲ್ಲಿ ಸೂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ.

"ಭಾವಾರ, ನಾ ಇಟ್ಟದ್ದಲ್ರೀ. ಗೂಳಿ ತಾನಽ ನಡಕೊಂತ ಬಂದು ನಿಂತೈತಿ."

"ಕಾಗದದ ಮ್ಯಾಲಿನ ಗೂಳಿ?"

"ಹೌದ್ರೀ."

"ನಡಕೊಂತ?"

"ಹೌದ್ರೀ. ಮೊದಲಿಂದ ಅದಕ್ಕ ಆ ಚಾಳಿ ಐತಿ. ಒಂದಿನ ಎರಡನೇ ಪುಟಕ್ಕ ಹೋಗಿತ್ತು."

ಸೂಗಪ್ಪ ಎಲೆಯಡಿಕೆ ಉಗುಳಿ ಬಂದ. "ಅಷ್ಟು ಮಂದಿ ಹೆಸರು ಅದಾವ. ಎಲ್ಲಾರನ್ನೂ ದಾಟಿ ನನ್ನ ಮ್ಯಾಲೇ ಬಂದು ನಿಂತಿತೇನು? ನನಗೇನು ತಿಳಿಯಂಗಿಲ್ಲ ಅನ್ಕೊಂಡೀರೇನು? ಅವತ್ತು ನಿಮ್ಮ ಡಬ್ಬಿಗೆ ಸಿನಿಮಾ ಬರಲಾರದ ಟಿವಿ ಅಂದೆ. ಅದನ್ನ ಮನಸಿನ್ಯಾಗ ಇಟ್ಕೊಂಡು ಹಗೆ ತೀರಿಸ್ಕೊಂಡೀರಿ."

"ಅಲ್ರೀ ಭಾವಾರ, ಆಣೆ ಮಾಡ್ತೀನಿ..."

"ಆಣೆ ಬ್ಯಾಡ. ನಡೀರಿ ಸಿಂಧನೂರಿಗೆ. ನನ್ನ ಕಣ್ಣ ಮುಂದ ಆ ಗೂಳೀನ ನಡಸ್ರಿ. ತಾನಽ ನಡೀತಂದ್ರ ಹಾಲಗಂಬ ತರ್ತೀನಿ. ನಡೀಲಿಲ್ಲಂದ್ರ ನಿಮ್ಮ ಹಂದರದಾಗ ನನ್ನ ನೆರಳೂ ಬೀಳಂಗಿಲ್ಲ."

ಇಷ್ಟೇ ತಾನೆ ಎಂದು ಅಮರಗುಂಡಪ್ಪ ಖುಷಿಯಾಗಿ ಭಾವನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತ. ಮಸ್ಕಿ ದಾಟಿದ ಮೇಲೆ ಅವನಿಗೆ ಜ್ಞಾಪಕ ಬಂತು. ಗೂಳಿಯನ್ನು ತಾನೇ ಕೈಯಾರೆ ಗೂಟಕ್ಕೆ ಕಟ್ಟಿಹಾಕಿದ್ದಾನೆ. ಅದೀಗ ನಡೆಯುವುದಿಲ್ಲ. ಬಿಚ್ಚುವುದು ಹೇಗೆಂದು ಶಿವನಿಗೇ ಗೊತ್ತು. ಕಿಟಕಿಯ ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಅವನ ಅಂಗಿ ಬೆವರಿನಿಂದ ತೊಯ್ದಿತು.

ಮಹಡಿಯ ಮೇಲೆ ಜಂಬಮ್ಮ, ಶೇಖರಮ್ಮ, ಸಾಕ್ಷಿಗೆಂದು ಕರೆಸಿದ ಬುಡ್ಡೇಸಾಬ್ ಎಲ್ಲ ನೆರೆದರು. ಸೂಗಪ್ಪ ಪರದೆಯ ಎದುರಿಗೆ ಕುರ್ಚಿ ಎಳೆದುಕೊಂಡ. ಅಮರಗುಂಡಪ್ಪ ಪತ್ರಿಕೆ ತೆರೆದ. ಗೂಳಿ ನಿಂತಿತ್ತು, ಕೊರಳಲ್ಲಿ ಕ್ರಿಸ್ಮಸ್ಸಿನ ಹಾರ, ಹೊಟ್ಟೆಯ ಕೆಳಗೆ ಸೂಗಪ್ಪ.

"ನಡಸ್ರಿ" ಅಂದ ಸೂಗಪ್ಪ.

ಅಮರಗುಂಡಪ್ಪ ಪುಟದ ತುತ್ತತುದಿಯಲ್ಲಿ ಒಂದು ಹೆಸರು ಹೊಡೆದ. ಗೂಳಿ ಅಲುಗಲಿಲ್ಲ. ಅದನ್ನು ಅಳಿಸಿ ಇನ್ನೊಂದು ಹೊಡೆದ. ಇಲ್ಲ. ಮೌಸಿನಿಂದ ಮೆತ್ತಗೆ ಒಂದಿಷ್ಟು ಎಳೆದ.

"ಕೈಲೇ ದಬ್ಬಾಕತ್ತೀರಲ್ಲ! ಅವತ್ತೂ ಹಿಂಗಽ ದಬ್ಬೀರಿ!"

ಅಮರಗುಂಡಪ್ಪ ಹಳೆಯ ಕಿಂಡಿಗಳನ್ನೆಲ್ಲ ತೆರೆದ. ಒಂದನ್ನು ಒತ್ತಿದರೆ ಗೂಳಿ ಹಿಂದುಮುಂದಾಯಿತು. ಇನ್ನೊಂದನ್ನು ಒತ್ತಿದರೆ ಅಂಗಾತ ಬಿದ್ದು ಕಾಲು ಮೇಲೆ ಮಾಡಿತು. ಮತ್ತೊಂದಕ್ಕೆ ಹಸಿರಾಯಿತು. ನಡೆಯುವುದೊಂದನ್ನು ಬಿಟ್ಟು ಎಲ್ಲ ಸರ್ಕಸ್ಸನ್ನೂ ಮಾಡಿತು. ಹೇಗೋ ಮತ್ತೆ ಕಾಲ ಮೇಲೆ ನಿಲ್ಲಿಸಿ, ಅಮರಗುಂಡಪ್ಪ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಭಾವಾರ, ನನಗ ಗೊತ್ತಿಲ್ಲ."

ಜಂಬಮ್ಮ ತಲೆ ಎತ್ತಿ ಗಂಡನನ್ನು ನೋಡಿದಳು. ಮದುವೆಯಾದಾಗಿನಿಂದ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. "ಇದು ಅವತ್ತು ಯಾಕ ಅಲ್ಲಿ ನಿಂತಿತು, ಇವತ್ತು ಯಾಕ ನಡೀವಲ್ದು, ಖರೇನ ನನಗ ಗೊತ್ತಿಲ್ರೀ. ನಿಮ್ಮ ಹೆಸರು ಮುಚ್ಚಬೇಕಂತ ಮಾತ್ರ ನಾ ಮಾಡಿಲ್ಲ" ಅಂದ ಅಮರಗುಂಡಪ್ಪ.

ಸೂಗಪ್ಪ ಎದ್ದು ನಿಂತ. ಹೆಗಲ ಮೇಲೆ ಟವೆಲ್ ಹಾಕಿಕೊಂಡ. ಆಗ ಶೇಖರಮ್ಮ ಅಡ್ಡ ಬಂದಳು. "ಮಾವ, ಹೊಸಾ ಪತ್ರಿಕಿ ಹೊಡಸ್ತೀವಿ. ನಿನ್ನ ಹೆಸರು ನೀ ಹೆಂಗ ಹೇಳ್ತಿ ಹಂಗ. ಹೇಳಿ ಹೋಗು."

ಹುಡುಗಿಯ ಮುಖ ನೋಡಿ ಸೂಗಪ್ಪ ಒಲ್ಲದ ಮನಸ್ಸಿನಿಂದ ಕೂತ. ಅಮರಗುಂಡಪ್ಪ ಗೂಳಿಯನ್ನು ಎಳೆದು ಕಾಗದದ ತಳಕ್ಕೆ ತಂದು ಬಿಟ್ಟ. ಅದರ ಕೋಡಿಗೆ ತುಸು ಮೇಲೆ ಹೆಸರು ಸ್ವಚ್ಛವಾಗಿ ಕಂಡಿತು: ಸೂಗಪ್ಪ, ವಧುವಿನ ಸೋದರಮಾವ, ಲಿಂಗಸುಗೂರು.

"ಬರೇ ಸೂಗಪ್ಪ ಅಂದ್ರ ಯಾರಿಗೆ ತಿಳೀತೈತಿ? ಅದರ ಮ್ಯಾಲ ಹಾಕ್ರಿ, ಮಾಜಿ ಮಂಡಲ ಪಂಚಾಯತಿ ಉಪಪ್ರಧಾನರು."

ಅಮರಗುಂಡಪ್ಪ ಹೊಡೆದ. ಹೇಳುವವನು ಭಾವ, ಆದ್ದರಿಂದ ಕಣ್ಣು ಭಾವನ ಬಾಯಿಯ ಮೇಲೆ, ಪರದೆಯ ಮೇಲಲ್ಲ.

"ಎಣ್ಣೆಬೀಜ ಬೆಳೆಗಾರರ ಸಂಘದ ಮಾಜಿ ನಿರ್ದೇಶಕರು. ಭಜನಾ ಮಂಡಳಿಯ ಗೌರವಾಧ್ಯಕ್ಷರು. ಸಮುದಾಯ ಭವನ ಕಟ್ಟಡ ಸಮಿತಿಯ ಅಧ್ಯಕ್ಷರು."

"ಆ ಭವನ ಎಲ್ಲಿ ಕಟ್ಯಾರ್ರೀ?" ಬುಡ್ಡೇಸಾಬ್ ಕೇಳಿದ.

"ಕಟ್ಟತಾರ. ಸಮಿತಿ ಐತಲ್ಲ. ಹಾಕ್ರಿ, ಮತ್ತ... ನಿಲ್ಲಸ್ರೀ! ನಿಲ್ಲಸ್ರೀ!"

ಸೂಗಪ್ಪನ ಬೆರಳು ಪರದೆಯನ್ನು ತೋರಿಸುತ್ತಿತ್ತು. ಒಂದೊಂದು ಬಿರುದು ಬಂದು ಕೂತಂತೆಲ್ಲ ಅವನ ಹೆಸರು ಒಂದೊಂದೇ ಸಾಲು ಕೆಳಗಿಳಿದು, ಕೋಡು ದಾಟಿ, ಹಾರ ದಾಟಿ, ಗೂಳಿಯ ಹೊಟ್ಟೆಯೊಳಗೆ ಹೊಕ್ಕಿತ್ತು. ಬಾಲದ ಬುಡದಲ್ಲಿ ಲಿಂಗಸುಗೂರು ಇಣುಕುತ್ತಿತ್ತು.

ಎಲ್ಲರೂ ಪರದೆಯತ್ತ ಬಗ್ಗಿದರು.

"ಗೂಳಿ ಒಂದು ಹೆಜ್ಜಿ ಇಟ್ಟಿಲ್ರೀ" ಅಂದ ಸೂಗಪ್ಪ ನಿಧಾನವಾಗಿ. "ನಾನಽ ನಡಕೊಂತ ಹೋದ್ನಲ್ಲ ಅದರ ಕೆಳಗ."

ಮೊದಲು ನಕ್ಕವನು ಬುಡ್ಡೇಸಾಬ್. ಆಮೇಲೆ ಶೇಖರಮ್ಮ ಬಾಯಿಗೆ ಸೆರಗು ಹಿಡಿದಳು. ಅಮರಗುಂಡಪ್ಪನಿಗೆ ಆಗ ಅರ್ಥವಾಯಿತು. ಅವತ್ತು ಸ್ವಾಮಿಗಳ ಮೂರು ಸಾಲು ಮೇಲೆ ಬಂದು ಕೂತಾಗ ಕೆಳಗಿನವರೆಲ್ಲ ಸರಿದು, ಕಟ್ಟಕಡೆಯ ಸೂಗಪ್ಪ ಗೂಳಿಯ ಕೆಳಗೆ ಸಿಕ್ಕಿಕೊಂಡಿದ್ದ.

"ಗೂಳೀನ ಇನ್ನಷ್ಟು ಕೆಳಗ ಎಳೀತೀನ್ರಿ ಭಾವಾರ."

"ಎಲ್ಲಿಗೆ ಎಳೀತೀರಿ? ಕಾಗದ ಮುಗದೈತಿ."

"ಹಂಗಾರ ತೆಗದು ಬಿಡ್ತೀನಿ."

"ಬಸವಣ್ಣನ್ನ ತೆಗದು ನನ್ನ ಬಿರುದು ಹಾಕ್ತೀರಾ? ಪಾಪ ಹತ್ತತೈತ್ರೀ!" ಸೂಗಪ್ಪ ಕೆನ್ನೆ ಬಡಿದುಕೊಂಡ. ಹಾರ ಕ್ರಿಸ್ಮಸ್ಸಿನದಾದರೂ ಅವನಿಗೆ ಅದು ಬಸವಣ್ಣನೇ. ಆಮೇಲೆ ಪರದೆಗೆ ಬೆರಳಿಟ್ಟು, "ಆ ಕಟ್ಟಡ ಸಮಿತಿ ತೆಗೀರಿ. ಹೆಂಗೂ ಕಟ್ಟಿಲ್ಲ" ಅಂದ.

ಹೆಸರು ಒಂದು ಸಾಲು ಮೇಲೆ ಬಂತು. ಭಜನಾ ಮಂಡಳಿ ಹೋಯಿತು. ಎಣ್ಣೆಬೀಜ ಹೋಯಿತು. ಇನ್ನೂ ಕೋಡಿನ ತುದಿ ಹೆಸರಿನ ಮೇಲೆ ತಾಗಿಕೊಂಡಿತ್ತು. ಉಳಿದದ್ದು ಉಪಪ್ರಧಾನಗಿರಿ ಒಂದೇ. ಊರಲ್ಲಿ ಇವತ್ತಿಗೂ ಅವನನ್ನು ಕರೆಯುವುದು ಉಪಪ್ರಧಾನರೆಂದೇ. ಸೂಗಪ್ಪ ಪರದೆ ನೋಡಿದ, ಗೋಡೆ ನೋಡಿದ, ಕೊನೆಗೆ ಸೋದರಸೊಸೆ ಶೇಖರಮ್ಮನನ್ನು ನೋಡಿದ.

"ಅದನ್ನೂ ತೆಗೀರಿ."

ಹೆಸರು ಗೂಳಿಯ ಕೋಡಿನಿಂದ ಪೂರ್ತಿ ಬಿಡಿಸಿಕೊಂಡು ಮೇಲೆ ಬಂತು. ಸೂಗಪ್ಪ ಅದನ್ನು ಗಟ್ಟಿಯಾಗಿ ಓದಿದ. "ಸೂಗಪ್ಪ, ವಧುವಿನ ಸೋದರಮಾವ." ಟವೆಲಿನಿಂದ ಕಣ್ಣೊತ್ತಿಕೊಂಡ. "ಇಕಿ ಹುಟ್ಟಿದಾಗ ದವಾಖಾನ್ಯಾಗ ಮೊದಲು ಎತ್ತಿಕೊಂಡಾವ ನಾನು. ಅವತ್ತು ನಾ ಯಾ ಉಪಪ್ರಧಾನನೂ ಆಗಿದ್ದಿಲ್ಲ. ಇಷ್ಟಽ ಸಾಕು ಬಿಡ್ರೀ."

ಜಂಬಮ್ಮ ಹತ್ತಿರ ಬಂದಳು. "ಅಣ್ಣಾ, ಹಾಲಗಂಬ? ದಿನಾ ಸಮೀಪ ಬಂತು. ಅತ್ತಿ ಗಿಡ ಹುಡುಕಬೇಕು, ಕಡಸಬೇಕು..."

"ಏ ಹುಚ್ಚಿ," ಅಂದ ಸೂಗಪ್ಪ, "ನೀವು ಪತ್ರಿಕಿ ಕೊಟ್ಟು ಹೋದ ದಿನಾನಽ ಕಡಿಸೀನಿ. ಹಿತ್ತಲದಾಗ ನೀರಾಗ ನಿಲ್ಲಿಸಿ ದಿನಾ ನೋಡಿಕೊಂತ ಅದೀನಿ. ಸಿಟ್ಟು ಬಂತಂತ ಒಣಗಾಕ ಬಿಡ್ಲೇನು?"

ಜಂಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಗಂಡನನ್ನು ನೇರವಾಗಿ ನೋಡಿ, "ಅಣ್ಣಗ ಊಟಕ್ಕ ಹೊತ್ತಾತು, ನಡೀರಿ ಮನಿಗೆ" ಅಂದಳು.